ಚಿಂತೆ ಮುತ್ತಿದಾಗ ಹೊರಗೆ ಬನ್ನಿರಿ

ಮನಸ್ಸಿಗೆ ದುಃಖ ಹತ್ತಿದವರನ್ನು ನೀವು ಗಮನಿಸಿರಬಹುದು. ಅವರು ಮೊದಲು ಬಿಟ್ಟುಬಿಡುವುದು ಓಡಾಟವನ್ನು. ಕಿಟಕಿಯ ಪರದೆ ಇಳಿದಿರುತ್ತದೆ, ಹಗಲಿನಲ್ಲೂ ಚಾದರ ಹೊದ್ದು ಮಲಗಿರುತ್ತಾರೆ. ಮನೆಯವರು 'ಸಬ್ರ್ ಮಾಡು' ಎನ್ನುತ್ತಾರೆ. ಸಬ್ರ್ ಎಂದರೆ ಕತ್ತಲೆ ಕೋಣೆಯಲ್ಲಿ ಕೂತಿರುವುದು ಎಂದು ಯಾರು ಹೇಳಿದರು?

ಪ್ರವಾದಿವರ್ಯರು(ಸ) ಪದೇ ಪದೇ ಮಾಡುತ್ತಿದ್ದ ಒಂದು ದುಆವನ್ನು ಅವರ ಸೇವಕರಾಗಿದ್ದ ಹ. ಅನಸ್(ರ) ವರದಿ ಮಾಡಿದ್ದಾರೆ (ಬುಖಾರಿ). ಅದರಲ್ಲಿ ಅಲ್ಲಾಹನ ಅಭಯ ಯಾಚಿಸುವ ಮೊದಲ ನಾಲ್ಕು ವಿಷಯಗಳನ್ನು ನೋಡಿರಿ. ಹಮ್ಮ್, ಅಂದರೆ ಬರಲಿರುವುದರ ಚಿಂತೆ. ಹಝನ್, ಅಂದರೆ ಆಗಿಹೋದುದರ ದುಃಖ. ಅವುಗಳ ಬೆನ್ನಿಗೇ ಅಶಕ್ತತೆ ಮತ್ತು ಆಲಸ್ಯ. ಈ ನಾಲ್ಕು ಒಟ್ಟಿಗೆ ಬಂದಿರುವುದನ್ನು ದುಃಖದಲ್ಲಿದ್ದವರು ಸುಲಭವಾಗಿ ಅರ್ಥಮಾಡಿಕೊಳ್ಳುತ್ತಾರೆ.

ದುಃಖಿಸುವುದು ಈಮಾನಿನ ಕೊರತೆಯೆಂದು ಭಾವಿಸಬೇಡಿರಿ. ತಾಇಫ್‌ನ ಮುಖಂಡರು ತಿರಸ್ಕರಿಸಿದಾಗ ಪ್ರವಾದಿ(ಸ)ರು ವ್ಯಥೆಯಿಂದ ನಡೆಯುತ್ತಾ ಹೋದರು. ಕರ್ನುಸ್ಸಆಲಿಬ್ ತಲುಪುವ ತನಕ ಅವರಿಗೆ ಪರಿವೆಯೇ ಇರಲಿಲ್ಲ. ಅಲ್ಲಿ ತಲೆಯೆತ್ತಿದಾಗ ನೆರಳು ನೀಡುವ ಮೋಡವೊಂದನ್ನು ಕಂಡರು, ಅದರಲ್ಲಿ ಜಿಬ್ರೀಲ್(ಅ) ಇದ್ದರು. ಮದೀನಾದಲ್ಲಿ ಅವರು ಶನಿವಾರಗಳಂದು ಕೆಲವೊಮ್ಮೆ ನಡೆದು, ಕೆಲವೊಮ್ಮೆ ಸವಾರಿ ಮಾಡಿ ಕುಬಾ ಮಸೀದಿಗೆ ಹೋಗುತ್ತಿದ್ದರು. ಊರಾಚೆಯ ನೀರಿನ ಹಳ್ಳಗಳ ಕಡೆಗೂ ಹೋಗುತ್ತಿದ್ದರೆಂದು ಹ. ಆಯಿಶಾ(ರ) ಹೇಳಿದ್ದು ಅಬೂದಾವೂದ್‌ನಲ್ಲಿದೆ.

ಈಗ ನಮ್ಮ ಮನೆಗಳ ವಿಚಾರಕ್ಕೆ ಬರೋಣ. ಗಂಡಸರು ಫಜ್ರ್ ನಮಾಝ್ ಮುಗಿಸಿ ಮಸೀದಿಯಿಂದ ನಡೆದು ಬರುತ್ತಾರೆ. ಬೆಳಗಿನ ತಂಗಾಳಿ ಅವರಿಗೆ ಸಿಗುತ್ತದೆ. ಹೆಂಗಸರಿಗೆ? ಗಂಡ ಗಲ್ಫ್‌ನಲ್ಲಿ, ಅತ್ತೆ ಹಾಸಿಗೆಯಲ್ಲಿ, ಮಗು ತೊಡೆಯಲ್ಲಿ. ಸಮುದ್ರ ಅರ್ಧ ಮೈಲಿ ದೂರದಲ್ಲಿದ್ದರೂ ಅದನ್ನು ನೋಡಿ ವರ್ಷ ಕಳೆದಿರುತ್ತದೆ. ತಲಾಕ್ ಆಗಿ ತವರಿಗೆ ಬಂದವಳ ಸ್ಥಿತಿಯಂತೂ ಕೇಳುವುದೇ ಬೇಡ. ನೆರೆಯವರ ಕಣ್ಣಿಗೆ ಹೆದರಿ ಅವಳನ್ನು ಅಂಗಳಕ್ಕೂ ಬಿಡದ ಮನೆಗಳಿವೆ.

ಇಂತಹ ಮನೆಯವರು ಹ. ಜಾಬಿರ್(ರ)ರ ಚಿಕ್ಕಮ್ಮನ ಘಟನೆಯನ್ನು ಓದಬೇಕು. ಅವರಿಗೆ ತಲಾಕ್ ಆಗಿತ್ತು. ತಮ್ಮ ಖರ್ಜೂರದ ಮರಗಳಿಂದ ಹಣ್ಣು ಕೊಯ್ಯಲು ಅವರು ಬಯಸಿದಾಗ, ಹೊರಗೆ ಹೋಗಬಾರದೆಂದು ಒಬ್ಬರು ಗದರಿಸಿದರು. ಅವರು ಪ್ರವಾದಿ(ಸ)ರ ಬಳಿಗೆ ಬಂದರು. ಹೋಗಿ ಹಣ್ಣು ಕೊಯ್ಯಲು ಪ್ರವಾದಿ(ಸ)ರು ಅನುಮತಿಯಿತ್ತರು, ಅದರಿಂದ ಆಕೆ ದಾನವನ್ನೋ ಬೇರೆ ಒಳಿತನ್ನೋ ಮಾಡಬಹುದೆಂದರು (ಮುಸ್ಲಿಮ್). ಇದ್ದತ್‌ನ ನಿಯಮಗಳಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ, ಅದನ್ನು ಉಲಮಾಗಳಲ್ಲಿ ಕೇಳಿ ತಿಳಿಯಿರಿ. ಇಲ್ಲಿನ ಪ್ರಸ್ತಾಪ ವಾಯುವಿಹಾರದ್ದಲ್ಲ, ಕೊಯ್ಲಿನದು ಎಂಬುದೂ ನಿಜ. ಆದರೆ ಮನನೊಂದಿರಬಹುದಾದ ಹೆಣ್ಣೊಬ್ಬಳನ್ನು ಅವರು ಮೂಲೆಗೆ ತಳ್ಳಲಿಲ್ಲ. ತೋಟಕ್ಕೆ, ಕೆಲಸಕ್ಕೆ, ಇತರರಿಗೆ ಕೊಡುವ ಸ್ಥಾನಕ್ಕೆ ಕಳುಹಿಸಿದರು.

2015ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 38 ಮಂದಿಯನ್ನು 90 ನಿಮಿಷ ನಡೆಯಲು ಕಳುಹಿಸಿದರು. ಕೆಲವರು ಹುಲ್ಲು, ಮರಗಳ ನಡುವೆ, ಉಳಿದವರು ವಾಹನ ತುಂಬಿದ ರಸ್ತೆಯ ಬದಿಯಲ್ಲಿ ನಡೆದರು. ನೋವನ್ನೇ ಮೆಲುಕು ಹಾಕುವ ಅಭ್ಯಾಸ ಮರಗಳ ನಡುವೆ ನಡೆದವರಲ್ಲಿ ಕಡಿಮೆಯಾಯಿತು, ರಸ್ತೆಯಲ್ಲಿ ನಡೆದವರಲ್ಲಿ ಆಗಲಿಲ್ಲ. ಅಧ್ಯಯನ ಚಿಕ್ಕದು. ಆದರೂ ಆಕಾಶವನ್ನು, ಪರ್ವತವನ್ನು, ಹರಡಿದ ಭೂಮಿಯನ್ನು ನೋಡಿರೆಂದು ಸೂರಃ ಅಲ್‌ಗಾಶಿಯಃದಲ್ಲಿ ಓದುವ ನಮಗೆ ಇದು ಅಪರಿಚಿತ ಮಾತೇನಲ್ಲ.

ಸಹೋದರರೇ, ಅಸ್ರ್ ನಮಾಝಿನ ಬಳಿಕ ತಾಯಿಯನ್ನು, ಪತ್ನಿಯನ್ನು, ತಂಗಿಯನ್ನು ಕರೆದುಕೊಂಡು ಹೊರಡಿರಿ. ತೋಟವಿದ್ದರೆ ತೋಟ, ಇಲ್ಲದಿದ್ದರೆ ಕೆರೆಯ ಏರಿ ಸಾಕು. ಮೊಬೈಲ್ ಮನೆಯಲ್ಲಿರಲಿ. ದಾರಿಯಲ್ಲಿ ಉಪದೇಶ ಮಾಡಬೇಡಿರಿ, ಅವರು ಮಾತಾಡಿದರೆ ಕೇಳಿರಿ. ವಾರಗಳು ಕಳೆದರೂ ನಿದ್ದೆ, ಊಟ ಸೇರದಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ, ತಡಮಾಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರೂ ಪ್ರವಾದಿ(ಸ)ರೇ.