ಗ್ಲಾಕೋಮಾ: ಕುಗ್ಗುವ ನೋಟ ಮತ್ತು ನಡಿಗೆಯ ಎಚ್ಚರ

ಮಗ್ಗದ ಮುಂದೆ ಕುಳಿತು ಕಡಿದ ಎಳೆಯನ್ನು ಹುಡುಕಿ ಗಂಟು ಹಾಕಬಲ್ಲ ವ್ಯಕ್ತಿಯು ತನ್ನ ಮನೆಯ ಹೊಸ್ತಿಲನ್ನೇ ಎಡವಿದರೆ, ಅದನ್ನು ಅಜಾಗರೂಕತೆಯೆಂದು ಬಗೆಯುವುದು ಸಹಜ. ದೊಡ್ಡಬಳ್ಳಾಪುರದ ನೇಕಾರ ದಂಪತಿಗಳ ಮನೆಯಲ್ಲಿ ಹೀಗಾಯಿತೆಂದು ಭಾವಿಸೋಣ. ಪತಿಯು ಪಕ್ಕದಲ್ಲಿ ನಿಲ್ಲಿಸಿದ ಸೈಕಲ್ಲಿಗೆ ತಗಲುತ್ತಾನೆ. ಜಗಲಿಯ ಅಂಚಿನಲ್ಲಿ ಕಾಲು ತಪ್ಪುತ್ತಾನೆ. “ಕಣ್ಣು ಎಲ್ಲಿಟ್ಟುಕೊಂಡು ನಡೀತೀರಿ?” ಎಂದು ಪತ್ನಿಯು ಗದರುತ್ತಾಳೆ. ನೆರೆಹೊರೆಯವರು ಕುಡಿತವೆಂದು ಶಂಕಿಸುತ್ತಾರೆ. ಆದರೆ ದೋಷವು ನಡತೆಯಲ್ಲಿರದೆ ಕಣ್ಣಿನಲ್ಲಿರಬಹುದು.

ಕಣ್ಣಿನೊಳಗೆ ತಿಳಿಯಾದ ದ್ರವವೊಂದು ಸದಾ ಉತ್ಪತ್ತಿಯಾಗಿ ಸೂಕ್ಷ್ಮವಾದ ಜಾಲರಿಯ ಮೂಲಕ ಹೊರಹರಿಯುತ್ತದೆ. ಕೆರೆಯ ಕೋಡಿ ಕಟ್ಟಿಕೊಂಡರೆ ನೀರು ಏರುವಂತೆ, ಈ ಹರಿವಿಗೆ ತಡೆಯುಂಟಾದಾಗ ಒಳಗಿನ ಒತ್ತಡವು ಹೆಚ್ಚಿ ದೃಷ್ಟಿನರವು ಕ್ರಮೇಣ ನಶಿಸುತ್ತದೆ. ಇದೇ ಗ್ಲಾಕೋಮಾ. ಪಾದರಸದ 10ರಿಂದ 21 ಮಿಲಿಮೀಟರ್ ಸಾಮಾನ್ಯ ಒತ್ತಡವೆನಿಸಿದರೂ, ಅಷ್ಟೇ ಒತ್ತಡವಿದ್ದವರಲ್ಲಿಯೂ ಈ ರೋಗವು ಕಂಡುಬರುವುದುಂಟು. ಆದುದರಿಂದ ಒತ್ತಡವನ್ನು ಅಳೆದರೆ ಸಾಲದು, ವೈದ್ಯರು ನರವನ್ನೂ ನೋಡಬೇಕು.

ಬಹುಮಂದಿಗೆ ನೋವಿಲ್ಲ, ಕೆಂಪಿಲ್ಲ. ಮೊದಲು ಅಳಿಯುವುದು ಸಾಮಾನ್ಯವಾಗಿ ಬದಿಯ ನೋಟ. ನಡುವಿನ ನೋಟವು ಬಹುಕಾಲ ಉಳಿಯುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬುವುದರಿಂದ ರೋಗಿಗೇ ಅರಿವಾಗುವುದಿಲ್ಲ. ಕೆಳಬದಿಯ ನೋಟವು ಕುಗ್ಗಿದರೆ ಮೆಟ್ಟಿಲು, ಕಲ್ಲು, ಬದುಗಳು ಕಾಣಿಸವು. ಬಿಸಿಲಿನಿಂದ ಕತ್ತಲೆಯ ಕೋಣೆಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ.

ದಂಪತಿಗಳು ಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಬಹುದು. ಎರಡು ಮೂರು ಅಡಿ ಅಂತರದಲ್ಲಿ ಎದುರುಬದುರಾಗಿ ಕುಳಿತು, ಪತಿಯು ಎಡಗಣ್ಣನ್ನೂ ಪತ್ನಿಯು ಬಲಗಣ್ಣನ್ನೂ ಮುಚ್ಚಿ, ಪರಸ್ಪರರ ತೆರೆದ ಕಣ್ಣನ್ನೇ ನೋಡುತ್ತಿರಬೇಕು. ಪತ್ನಿಯು ಇಬ್ಬರಿಗೂ ಸಮದೂರದಲ್ಲಿ, ಹೊರಗಿನಿಂದ ಒಳಕ್ಕೆ ಬೆರಳನ್ನು ತರಲಿ. ಆಕೆಗೆ ಬೆರಳು ಕಂಡ ಎಷ್ಟೋ ಹೊತ್ತಿನ ಮೇಲೆ ಆತನಿಗೆ ಕಂಡರೆ ತಡಮಾಡದೆ ನೇತ್ರವೈದ್ಯರಲ್ಲಿಗೆ ಹೋಗತಕ್ಕದ್ದು. ಮೇಲಿನಿಂದಲೂ ಕೆಳಗಿನಿಂದಲೂ, ಇನ್ನೊಂದು ಕಣ್ಣಿಗೂ ಹೀಗೆಯೇ ನೋಡಬೇಕು. ಆದರೆ ಆರಂಭದ ದೋಷವು ಇದರಲ್ಲಿ ಸಿಕ್ಕದೆ ಹೋಗಬಹುದು. 40 ವರ್ಷ ದಾಟಿದವರು, ವಿಶೇಷವಾಗಿ ಒಡಹುಟ್ಟಿದವರಿಗೆ ಅಥವಾ ತಂದೆತಾಯಿಗಳಿಗೆ ಈ ರೋಗವಿದ್ದವರು, ಆಸ್ಪತ್ರೆಯಲ್ಲಿಯೇ ತೋರಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ 1896ರಲ್ಲಿ ಪ್ರಾರಂಭವಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆಯಿದೆ.

ಪೊರೆಯಂತೆ ಇದನ್ನೂ ಶಸ್ತ್ರಚಿಕಿತ್ಸೆಯಿಂದ ತೆಗೆಸಿದರೆ ನೋಟ ಮರಳುವುದೆಂಬ ನಂಬಿಕೆ ತಪ್ಪು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ನೇತ್ರದಾನವನ್ನು ನಾಡೆಲ್ಲವೂ ಬಲ್ಲದು. ಆದರೆ ದಾನದ ಕಣ್ಣಿನಿಂದ ಮುಂಭಾಗದ ಪಾರದರ್ಶಕ ಪಟಲವನ್ನು ಬದಲಿಸಬಹುದೇ ಹೊರತು ನರವನ್ನಲ್ಲ. ಹನಿ ಔಷಧಿ, ಲೇಸರ್, ಶಸ್ತ್ರಚಿಕಿತ್ಸೆ ಇವು ಉಳಿದ ನೋಟವನ್ನು ಕಾಯಲು ಮಾತ್ರ. “ಹನಿ ಹಾಕಿದರೂ ಏನೂ ಹೆಚ್ಚಲಿಲ್ಲ” ಎಂದು ನಿಲ್ಲಿಸುವವರೇ ಹೆಚ್ಚು ಕೆಡುತ್ತಾರೆ. ಉಬ್ಬಸವಿದ್ದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಹಠಾತ್ತಾಗಿ ಕಣ್ಣು ಕೆಂಪಾಗಿ, ತೀವ್ರವಾಗಿ ನೋಯುತ್ತ, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆಗಳು ಕಂಡರೆ ಬೆಳಗಾಗುವವರೆಗೆ ಕಾಯಕೂಡದು.

ಇನ್ನು ನಡಿಗೆಯ ವಿಚಾರ. ಹೊಸ್ತಿಲಿಗೂ ಮೆಟ್ಟಿಲಿನ ಅಂಚಿಗೂ ಸುಣ್ಣದ ಬಿಳಿಯ ಪಟ್ಟೆಯನ್ನು ಬಳಿಯಬೇಕು. ಬಿಂದಿಗೆ, ಮಣೆ, ಗುದ್ದಲಿಗಳು ದಿನವೂ ಒಂದೇ ಸ್ಥಳದಲ್ಲಿರಲಿ. ಇದು ಮನೆಮಂದಿಯೆಲ್ಲರ ಹೊಣೆ. ಬಾಗಿಲು ಅರ್ಧ ತೆರೆದಿರುವುದು ಎಲ್ಲಕ್ಕಿಂತ ಅಪಾಯ. ಹೊಲದ ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ಕು ಜಾರುವುದರಿಂದ ಬಿದ್ದವರು ಮೇಲೇರಲಾರರು. ಅದರ ಸುತ್ತ ಬೇಲಿಯಿರಲೇಬೇಕು. ರಾತ್ರಿ ನೀರು ಹಾಯಿಸಲು ಒಬ್ಬರೇ ಹೋಗಬಾರದು. ನಡೆಯುವಾಗ ಕಣ್ಣನ್ನಷ್ಟೇ ಅಲ್ಲ, ತಲೆಯನ್ನೇ ಎಡಬಲಕ್ಕೂ ಕೆಳಕ್ಕೂ ತಿರುಗಿಸಿ ನೋಡುವ ಅಭ್ಯಾಸ ಬೇಕು. ನೆಲಮಂಗಲ, ಹೊಸಕೋಟೆಗಳ ಹೆದ್ದಾರಿಯನ್ನು ದಾಟುವಾಗ, ನಿಶ್ಶಬ್ದವಾಗಿ ಬರುವ ವಿದ್ಯುತ್ ವಾಹನಗಳಿರುವುದರಿಂದ, ಕಿವಿಯೊಂದನ್ನೇ ನಂಬಲಾಗದು. ಜೊತೆಗಿರುವವರು ನೋಟ ಕಡಿಮೆಯಾದ ಬದಿಯಲ್ಲಿ ನಡೆಯಬೇಕು. ರೋಗಿಯನ್ನು ಹಿಂದಿನಿಂದ ತಳ್ಳದೆ, ಆತನೇ ಜೊತೆಯವರ ಮೊಣಕೈಯನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುವಂತಿರಲಿ. ಊರಿನವರ ಎದುರು ಪತ್ನಿಯ ಕೈ ಹಿಡಿಯಲು ಸಂಕೋಚವಾದರೆ ಊರುಗೋಲಾದರೂ ಕೈಯಲ್ಲಿರಲಿ.