ಬೆಂಡಿನಲ್ಲೂ ಸಕ್ಕರೆ ಇದೆ

ಜಗಳೂರಿನ ಕಡೆ ಮೆಕ್ಕೆಜೋಳದ ಕಾಳು ಬಿಡಿಸಿದರೆ ಬೆಂಡು ಉಳಿಯುತ್ತದೆ. ಹೊನ್ನಾಳಿ, ನ್ಯಾಮತಿಯ ಗದ್ದೆಗಳಲ್ಲಿ ಭತ್ತದ ಹುಲ್ಲು ಉಳಿಯುತ್ತದೆ. ಚನ್ನಗಿರಿಯಲ್ಲಿ ಅಡಿಕೆ ಸುಲಿದ ಸಿಪ್ಪೆ ರಸ್ತೆ ಬದಿಗೆ ಗುಡ್ಡೆ ಬೀಳುತ್ತದೆ. ಬೆಂಡು ಒಲೆಗೆ, ಹುಲ್ಲು ದನಕ್ಕೆ. ಸಿಪ್ಪೆಗೆ ಬೆಂಕಿ. ಅದರ ಹೊಗೆ ಕುಡಿಯೋರು ನಾವೇ.

ಅಕ್ಕಂದಿರೇ, ಈ ಮೂರರಲ್ಲೂ ಸಕ್ಕರೆ ಇದೆ. ನಂಬಿಕೆ ಬರಲಿಲ್ಲವೇ? ಬೆಂಡು ಕಡಿದರೆ ಸಿಹಿ ಇಲ್ಲ, ನಿಜ. ಅದರ ಸಕ್ಕರೆ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿದೆ. ಆ ಹೆಣಿಗೆ ಬಿಡಿಸಲು ನಮ್ಮ ಹೊಟ್ಟೆಗೆ ಆಗದು. ಹಸುವಿನ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಅವು ಬಿಡಿಸುತ್ತವೆ. ಅವುಗಳಲ್ಲಿ ಬಹಳಷ್ಟು ಬ್ಯಾಕ್ಟೀರಿಯಾ.

ಹೆಪ್ಪು ಹಾಕಿದ ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾನೇ. ಹಾಲಿನ ಸಕ್ಕರೆ ತಿನ್ನುತ್ತವೆ, ಹುಳಿ ಬಿಡುತ್ತವೆ. ಒಂದನ್ನು ತಿಂದು ಇನ್ನೊಂದನ್ನು ಕೊಡುವುದು ಅವುಗಳ ಗುಣ.

ಹುಲ್ಲು, ಬೆಂಡಿನಿಂದ ಎಥನಾಲ್ ಎಂಬ ಸ್ಪಿರಿಟ್ ತೆಗೆಯಬೇಕು ಎಂದು ವಿಜ್ಞಾನಿಗಳು ಹೊರಟರು. ಪುಡಿ ಮಾಡಿ, ಬೇಯಿಸಿ, ಸಕ್ಕರೆ ಬಿಡಿಸಿದರು. ಹಲವು ಬಗೆಯ ಸಕ್ಕರೆ ಸಿಕ್ಕಿತು. ಬ್ರೆಡ್ಡಿಗೆ ಹಾಕುವ ಯೀಸ್ಟ್ ಕೆಲವನ್ನು ತಿಂದಿತು, ಉಳಿದದ್ದನ್ನು ಮುಟ್ಟಲಿಲ್ಲ. ನಮ್ಮ ಕರುಳಿನಲ್ಲಿರುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಅವನ್ನೂ ತಿನ್ನುತ್ತದೆ. ಆದರೆ ಸ್ಪಿರಿಟ್ ಹೆಚ್ಚು ಕೊಡುವುದಿಲ್ಲ.

ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಲಾನಿ ಇಂಗ್ರಾಂ ಒಂದು ಉಪಾಯ ಮಾಡಿದರು. ಚೆನ್ನಾಗಿ ಸ್ಪಿರಿಟ್ ಮಾಡುವ ಬೇರೆ ಬ್ಯಾಕ್ಟೀರಿಯಾ ಒಂದಿದೆ. ಅದರ ಎರಡು ಜೀನ್‌ಗಳನ್ನು ಇ. ಕೊಲೈಗೆ ಸೇರಿಸಿದರು. ಜೀನ್ ಎಂದರೆ ಜೀವಿಯೊಳಗೆ ಬರೆದಿಟ್ಟ ಅಡುಗೆಯ ವಿಧಾನ ಇದ್ದ ಹಾಗೆ. ಇ. ಕೊಲೈ ಹೊಸ ಅಡುಗೆ ಕಲಿಯಿತು! 1991ರಲ್ಲಿ ಇದಕ್ಕೆ ಪೇಟೆಂಟ್, ಅಂದರೆ ಹಕ್ಕುಪತ್ರ ಸಿಕ್ಕಿತು. ಅದು ಅಮೆರಿಕದ 50 ಲಕ್ಷನೇ ಪೇಟೆಂಟ್.

ಸ್ಪಿರಿಟ್ ಎಂದ ಕೂಡಲೇ ಹುಬ್ಬು ಗಂಟಿಕ್ಕಬೇಡಿ. ನಮ್ಮ ರಾಜ್ಯದಲ್ಲಿ 2007ರಲ್ಲಿ ನಿಂತ ಸಾರಾಯಿಯ ಮಾತಲ್ಲ ಇದು. ಇದನ್ನು ಪೆಟ್ರೋಲಿಗೆ ಬೆರೆಸುತ್ತಾರೆ. ಬಟ್ಟೆಗೂ ಇಂಥದೇ ವಿದ್ಯೆ ಬಂದಿದೆ. 2006ರಲ್ಲಿ ಅಮೆರಿಕದ ಒಂದು ಕಾರ್ಖಾನೆಯಲ್ಲಿ ಮಾರ್ಪಡಿಸಿದ ಇ. ಕೊಲೈಗೆ ಮೆಕ್ಕೆಜೋಳದ ಸಕ್ಕರೆ ಉಣಿಸಿ, ನೂಲು ಮಾಡುವ ರಾಸಾಯನಿಕ ತೆಗೆದರು.

ಇಂಥ ಬ್ಯಾಕ್ಟೀರಿಯಾಗಳನ್ನು ಮುಚ್ಚಿದ ಟ್ಯಾಂಕುಗಳಲ್ಲಿ ಸಾಕುತ್ತಾರೆ. ಇವನ್ನು ಬಳಸಲು ನಮ್ಮ ದೇಶದಲ್ಲಿ 1989ರ ನಿಯಮಗಳ ಪ್ರಕಾರ ಅನುಮತಿ ಬೇಕು.

ಹರಿಯಾಣದ ಪಾಣಿಪತ್‌ನಲ್ಲಿ 2022ರಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುವ ಕಾರ್ಖಾನೆ ಉದ್ಘಾಟನೆ ಆಯಿತು. ಬೆಳೆಯ ಕಸದಿಂದ ಎಥನಾಲ್ ತೆಗೆಯುವ ಕಾರ್ಖಾನೆಗೆ ನಮ್ಮ ಹರಿಹರದ ಬಳಿಯೂ ಮಂಗಳೂರಿನ ಎಂ.ಆರ್.ಪಿ.ಎಲ್. ಯೋಜನೆ ಹಾಕಿತ್ತು.

ಕೊಳ್ಳುವವರು ಬಂದರೆ ಕಸಕ್ಕೂ ಕಾಸು. ಅಡಿಕೆ ಸಿಪ್ಪೆ ಹೋದರೆ ಒಳ್ಳೆಯದೇ. ಆದರೆ ಹುಲ್ಲೆಲ್ಲ ಲಾರಿ ಹತ್ತಿದರೆ ಬೇಸಿಗೆಯಲ್ಲಿ ದನಕ್ಕೆ ಏನು ಹಾಕ್ತೀರಿ? ಬೆಂಡು ಹೋದರೆ ಒಲೆಗೆ ಏನು? ಗಂಡಸರು ದರ ಕುದುರಿಸುವ ಮೊದಲೇ ನೀವು ಲೆಕ್ಕ ಬರೆದಿಡಿ.

ಬರೆಯಿರಿ: ನಿಮ್ಮ ದನಗಳಿಗೆ ದಿನಕ್ಕೆ ಎಷ್ಟು ಹೊರೆ ಹುಲ್ಲು ಬೇಕು? ಬೇಸಿಗೆಯ 90 ದಿನಕ್ಕೆ ಎಷ್ಟು?