ಸ್ಕ್ರೂಡ್ರೈವರ್ ಕೆಳಗಿಡು, ಪುಟ್ಟಿ

ಗುಬ್ಬಿಯ ಮನೆಯ ಅಟ್ಟದಲ್ಲಿ ನಿಮ್ಮಮ್ಮನ ಕಾಲದ ಟಿವಿ ಗೇಮು ಸಿಕ್ಕಿದೆ, ಆನ್ ಮಾಡಿದರೆ ಪರದೆ ತುಂಬ ಬರೀ ಬೂದು ಬಣ್ಣ, ಚಿಪ್ ಹೋಗಿರಬೇಕು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ ತಂದು ಹಾಕಲೇ ಮಾವ ಎಂದು ಕೇಳಿದ್ದೀಯ. ಈಗಲೇ ಬೇಡ. ಬೂದು ಬಣ್ಣವಾದರೂ ಬರುತ್ತಿದೆಯಲ್ಲ, ಅದನ್ನು ಸರಿಯಾಗಿ ಓದು. ಕರೆಂಟು ಒಳಗೆ ಹೋಗಿದೆ, ಚಿತ್ರ ಕಟ್ಟುವ ಭಾಗಕ್ಕೆ ಜೀವ ಇದೆ, ಟಿವಿಗೆ ಹೋಗುವ ದಾರಿ ಸರಿಯಾಗಿದೆ. ಇಷ್ಟನ್ನು ಒಂದೂ ಸ್ಕ್ರೂ ಬಿಚ್ಚದೆ ತಿಳಿದುಕೊಂಡೆ. ಡಿಪ್ಲೊಮಾ ಓದುವ ಹುಡುಗಿ ನೀನು, ಕೈಗೆ ಕೆಲಸ ಕೊಡುವ ಮುಂಚೆ ಕಣ್ಣಿಗೆ ಕೊಡು.

ತುಮಕೂರಿನ ಮಂಡಿಪೇಟೆ ಕಡೆ ರೇಡಿಯೋ, ಟಿವಿ ಬಿಚ್ಚುತ್ತಲೇ ತಲೆ ನರೆಸಿಕೊಂಡವನು ನಾನು. ಇಂಥ ಪೆಟ್ಟಿಗೆಗೆ ನಾಲ್ಕು ಬಾಗಿಲು ಎಂದು ತಿಳಿ. ಕರೆಂಟು ಬರುವುದು ಒಂದು, ಕ್ಯಾಸೆಟ್ ಕೂರುವುದು ಒಂದು, ಬೆರಳು ಒತ್ತಿದ್ದು ಒಳಗೆ ಹೋಗುವುದು ಒಂದು, ಚಿತ್ರ ಹೊರಗೆ ಬರುವುದು ಒಂದು. ನನ್ನ ಮೇಜಿಗೆ ಬಂದ ಗೇಮುಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಬಾಗಿಲಲ್ಲೇ. ಮನುಷ್ಯರ ಕೈ ಎಲ್ಲಿ ಹೆಚ್ಚು ಆಡಿದೆಯೋ ಅಲ್ಲಿ. ಒಳಗೆ ಯಾರೂ ಮುಟ್ಟದೆ ಕೂತಿರುವ ಚಿಪ್ ತಾನಾಗಿ ಸಾಯುವುದು ಅಪರೂಪ, ಯಾರಾದರೂ ತಪ್ಪು ಅಡಾಪ್ಟರ್ ಚುಚ್ಚಿ ಕೊಲ್ಲಬೇಕು.

ನಿನ್ನ ಕೈಯಲ್ಲಿರುವುದು ಏನೆಂದೂ ಗೊತ್ತಿರಲಿ. ಜಪಾನಿನ ನಿಂಟೆಂಡೊ 1983ರ ಜುಲೈ 15ರಂದು ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಮೊದಮೊದಲ ಪೆಟ್ಟಿಗೆಗಳು ಚಿಪ್ಪಿನ ದೋಷದಿಂದ ಆಟದ ಮಧ್ಯೆ ನಿಂತುಹೋಗುತ್ತಿದ್ದವು, ಕಂಪನಿ ಮಾಲು ವಾಪಸ್ ಕರೆಸಿ ಬೋರ್ಡನ್ನೇ ಬದಲಿಸಿತು. ಕಂಟ್ರೋಲರಿನ ಚೌಕ ರಬ್ಬರ್ ಗುಂಡಿಗಳು ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತಿದ್ದವು, ಆಮೇಲೆ ಅವೂ ದುಂಡಗಾದವು. ಅಸಲಿ ಮಾಲಿನ ಕಥೆಯೇ ಹೀಗಿರುವಾಗ ನಮ್ಮ ಮಾಲಿನ ಮೇಲೆ ಕೋಪ ಬೇಡ. ಭಾರತದಲ್ಲಿ ಸಮುರಾಯ್ ಹೆಸರಿನಲ್ಲಿ ನಿಂಟೆಂಡೊ ಯಂತ್ರ ಮಾರಾಟವಾಗಿದ್ದುಂಟು. ಆದರೆ ತೊಂಬತ್ತರ ದಶಕದಲ್ಲಿ ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಮನೆಗಳಿಗೆ ಹೊಕ್ಕಿದ್ದು ಅದರ ನಕಲುಗಳು. ಕ್ಯಾಸೆಟ್ ಬಾಯಲ್ಲಿ ಅದೇ 60 ಪಿನ್ನು, ಒಳಗೆ ಅದೇ ಲೆಕ್ಕಾಚಾರ. ನಕಲಿನಲ್ಲೂ ಎರಡು ಜಾತಿ. ಹಳೆಯವುಗಳಲ್ಲಿ ತೈವಾನಿನ ಯುಎಂಸಿ ಕಂಪನಿಯ ದೊಡ್ಡ ಚಿಪ್ಪುಗಳು ಕಾಲು ಚಾಚಿ ಕೂತಿರುತ್ತವೆ, ಲೆಕ್ಕಕ್ಕೆ ಯುಎ6527, ಚಿತ್ರಕ್ಕೆ ಯುಎ6538. ಆಮೇಲಿನ ಅಗ್ಗದವುಗಳಲ್ಲಿ ಬೋರ್ಡಿನ ನಡುವೆ ಕರಿ ಅಂಟಿನ ಒಂದು ಬೊಟ್ಟು ಮಾತ್ರ. ಬೊಟ್ಟಿನ ಅಡಿ ಏನಾದರೂ ಕೆಟ್ಟಿದ್ದರೆ ನಾನೂ ಕೈ ಮುಗಿಯುತ್ತೇನೆ, ನೀನೂ ಮುಗಿ.

ಮೊದಲು ಕರೆಂಟಿನ ಬಾಗಿಲು. ಕುಣಿಗಲ್‌ನಿಂದ ಒಬ್ಬರು ಮಗನ ಗೇಮನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಪೂರಾ ಸತ್ತಿದೆ ಅಂದರು. ನಾನು ಪೆಟ್ಟಿಗೆ ನೋಡುವ ಮೊದಲು ಅಡಾಪ್ಟರ್ ಕೇಳಿದೆ. ಅದು ಟೇಪ್‌ರೆಕಾರ್ಡರಿನದು. ಪಿನ್ನು ಸರಿಯಾಗಿ ಕೂರುತ್ತದೆ, ವೋಲ್ಟೂ ಒಂಬತ್ತೇ, ಆದರೆ ಪ್ಲಸ್ಸು ಮೈನಸ್ಸು ಅದಲುಬದಲು. ಫ್ಯಾಮಿಕಾಮಿನಲ್ಲಿ ಪಿನ್ನಿನ ನಡುವೆ ಮೈನಸ್ಸು ಇರುತ್ತದೆ, ನಕಲುಗಳಲ್ಲಿ ಒಂದೊಂದಕ್ಕೆ ಒಂದೊಂದು ರೀತಿ. ಪೆಟ್ಟಿಗೆಯ ಹಿಂದೆಯೋ ಅಡಿಯಲ್ಲೋ ಒಂದು ಸಣ್ಣ ಚಿತ್ರ ಅಚ್ಚಾಗಿರುತ್ತದೆ, ಅದನ್ನು ನೋಡದೆ ಯಾವ ಅಡಾಪ್ಟರನ್ನೂ ಚುಚ್ಚಬೇಡ. ಅವರ ಪುಣ್ಯಕ್ಕೆ ಒಳಗೆ ಡಯೋಡ್ ಇತ್ತು, ಉಲ್ಟಾ ಕರೆಂಟನ್ನು ತಡೆದಿತ್ತು. ಸರಿಯಾದ ಅಡಾಪ್ಟರ್ ಹಾಕಿದ ಕೂಡಲೇ ಗೇಮು ಎದ್ದು ಕೂತಿತು. ಎಲ್ಲ ಪೆಟ್ಟಿಗೆಗೂ ಆ ಡಯೋಡಿನ ಭಾಗ್ಯ ಇರುವುದಿಲ್ಲ.

ಒಳಗೆ ಬಂದ ಕರೆಂಟನ್ನು 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಐದು ವೋಲ್ಟಿಗೆ ಇಳಿಸುತ್ತದೆ. ಅದಕ್ಕೆ ಒಂದು ಸ್ವಭಾವ ಇದೆ: ಐದು ಕೊಡಬೇಕಾದರೆ ಹತ್ತಿರಹತ್ತಿರ ಏಳಾದರೂ ಒಳಗೆ ಬರಬೇಕು. ನಿಮ್ಮೂರ ತೋಟದ ಸಾಲಿನಲ್ಲಿ ತ್ರೀ ಫೇಸ್ ಬಂದಾಗ ಎಲ್ಲರ ಪಂಪ್‌ಸೆಟ್ಟೂ ಒಟ್ಟಿಗೆ ಹೊಡೆಯುತ್ತವಲ್ಲ, ಆಗ ಮನೆಯ ಬಲ್ಬು ಕೆಂಪಗಾಗುವುದನ್ನು ನೋಡಿದ್ದೀಯ. 230 ಇರಬೇಕಾದದ್ದು 170ಕ್ಕೆ ಇಳಿದರೆ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರಿನ ಒಂಬತ್ತು ವೋಲ್ಟು ಆರೂ ಮುಕ್ಕಾಲಿಗೂ ಸಾಲದು. ರೆಗ್ಯುಲೇಟರ್ ಕೈಚೆಲ್ಲುತ್ತದೆ. ಪರದೆಯಲ್ಲಿ ಅಡ್ಡ ಪಟ್ಟಿ ಓಡುತ್ತದೆ, ಆಟ ನಿಂತು ಮತ್ತೆ ಮೊದಲಿಂದ ಶುರುವಾಗುತ್ತದೆ. ಮಧ್ಯಾಹ್ನ ಸರಿಯಾಗಿದ್ದ ಗೇಮು ಪಂಪು ಹೊಡೆಯುವಾಗ ಮಾತ್ರ ಹಟ ಮಾಡಿದರೆ ಪೆಟ್ಟಿಗೆಯಲ್ಲಿ ಏನೂ ಆಗಿಲ್ಲ. 100ರಿಂದ 240 ವೋಲ್ಟ್ ಎಂದು ಬರೆದಿರುವ ಈಗಿನ ಹಗುರ ಅಡಾಪ್ಟರ್, ಒಂಬತ್ತು ವೋಲ್ಟಿನದು, ಪ್ಲಸ್ ಮೈನಸ್ ಸರಿ ನೋಡಿ ತಂದುಕೋ, ಸಾಕು. ಹಾಗೆಯೇ, ಹಳೆಯ ಅಡಾಪ್ಟರನ್ನು ಯಾವುದಕ್ಕೂ ಸಿಕ್ಕಿಸದೆ ಮೀಟರ್ ಹಿಡಿದರೆ ಹನ್ನೆರಡೋ ಹದಿಮೂರೋ ತೋರಿಸಬಹುದು. ಗಾಬರಿ ಬೇಡ, ಭಾರ ಬಿದ್ದಾಗ ಇಳಿಯುತ್ತದೆ. ಅಡಾಪ್ಟರಿನ ಒಳಹೊಟ್ಟೆಯನ್ನು ಮಾತ್ರ ಬಿಚ್ಚಬೇಡ, ಅಲ್ಲಿ ಗೋಡೆಯ ಕರೆಂಟು ಇದೆ.

ಈಗ ನಿನ್ನ ಬೂದು ಪರದೆಗೆ ಬರೋಣ. ನನ್ನ ಅನುಮಾನ ಪೂರಾ ಕ್ಯಾಸೆಟ್ ಬಾಗಿಲಿನ ಮೇಲೆ.

ಈ ಯಂತ್ರದ ಜಾಣತನ ನೋಡು. ಬಹಳಷ್ಟು ಕ್ಯಾಸೆಟ್‌ಗಳ ಒಳಗೆ ಎರಡು ಬೇರೆ ಬೇರೆ ನೆನಪುಗಳಿವೆ. ಒಂದರಲ್ಲಿ ಆಟದ ನಡೆ, ಇನ್ನೊಂದರಲ್ಲಿ ಚಿತ್ರಗಳು. ಲೆಕ್ಕದ ಚಿಪ್ ಮೊದಲನೆಯದನ್ನು ಓದುತ್ತದೆ, ಚಿತ್ರದ ಚಿಪ್ ತನ್ನದೇ ತಂತಿಗಳಲ್ಲಿ ಎರಡನೆಯದನ್ನು ಓದುತ್ತದೆ. ಅದಕ್ಕೇ ಕೆಟ್ಟ ಬಗೆ ನೋಡಿದರೆ ಜಾಗ ತಿಳಿಯುತ್ತದೆ. ಮಾರಿಯೋ ಹಾರುತ್ತಾನೆ, ಸಂಗೀತ ಕೇಳುತ್ತದೆ, ಆದರೆ ಮೈಯೆಲ್ಲ ಚೂರುಚೂರು, ಅಕ್ಷರದ ಜಾಗದಲ್ಲಿ ಗೆರೆಗಳು ಎಂದರೆ ಚಿತ್ರದ ಕಡೆಯ ಯಾವುದೋ ಪಿನ್ನು ತಾಗುತ್ತಿಲ್ಲ. ಒಂದೇ ಬಣ್ಣ ಬಂದು ಏನೂ ನಡೆಯದಿದ್ದರೆ ಆಟದ ನಡೆಯೇ ಓದಿಗೆ ಸಿಗುತ್ತಿಲ್ಲ. ನಿನ್ನದು ಎರಡನೆಯ ಜಾತಿ. ಬೇರೆ ಕ್ಯಾಸೆಟ್ ಹಾಕಿ ನೋಡು. ಅದು ಓಡಿದರೆ ತಪ್ಪು ಈ ಕ್ಯಾಸೆಟ್ಟಿನದು. ಯಾವುದೂ ಓಡದಿದ್ದರೆ ಸ್ಲಾಟಿನದು ಇರಬಹುದು.

ಊದಬೇಡ. ನಿಮ್ಮಮ್ಮ ಊದುತ್ತಿದ್ದಳು, ಆ ಕಾಲದ ಮಕ್ಕಳೆಲ್ಲ ಊದುತ್ತಿದ್ದರು, ಊದಿದ ಮೇಲೆ ಓಡುತ್ತಲೂ ಇತ್ತು. ಓಡಿದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್ನು ಹೊಸ ಜಾಗದಲ್ಲಿ ತಾಗಿದ್ದಕ್ಕೆ. ಬಾಯಿಯ ತೇವ ಲೋಹವನ್ನು ತಿನ್ನುತ್ತದೆ, ಊದಬೇಡಿ ಎಂದು ನಿಂಟೆಂಡೊ ಕೂಡ ಹೇಳಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಸಿಗುತ್ತದೆ, 99 ಪರ್ಸೆಂಟಿನದು ಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಇದೆ, ಜಿಡ್ಡೂ ಇದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಕ್ಯಾಸೆಟ್ಟಿನ ಹಲ್ಲುಗಳನ್ನು ಒರೆಸು. ಕಡ್ಡಿ ಕಪ್ಪಾಗುವುದು ನಿಲ್ಲುವ ತನಕ ಒರೆಸು. ಹಟಮಾರಿ ಕಲೆಗೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರನ್ನು ಮೆಲ್ಲಗೆ ಆಡಿಸು, ಪುಡಿಯನ್ನು ಒರೆಸಿಬಿಡು. ಉಪ್ಪು ಕಾಗದ ತೆಗೆದುಕೊಂಡರೆ ನನ್ನ ಮುಖ ನೋಡಬೇಡ, ಮೇಲಿನ ತೆಳು ಲೇಪ ಹೋದರೆ ಅಡಿಯ ತಾಮ್ರಕ್ಕೆ ಕಿಲುಬು ಹಿಡಿಯಲು ಒಂದು ಮಳೆಗಾಲ ಸಾಕು. ಸ್ಲಾಟಿನೊಳಕ್ಕೆ ಹಳೆಯ ಎಟಿಎಂ ಕಾರ್ಡಿಗೆ ತೆಳು ಬಟ್ಟೆ ಸುತ್ತಿ, ಐಪಿಎ ಹನಿಸಿ, ಮೇಲೆ ಕೆಳಗೆ ಆಡಿಸು. ಬಟ್ಟೆ ದಪ್ಪವಾದರೆ ಪಿನ್ನು ಅಗಲವಾಗಿ ಹಿಡಿತ ಕಳೆದುಕೊಳ್ಳುತ್ತದೆ, ಎಚ್ಚರ. ಪೂರಾ ಆರುವ ತನಕ ಆನ್ ಮಾಡಬೇಡ. ನಮ್ಮ ಕಡೆಯ ಅಟ್ಟಗಳಲ್ಲಿ ಧೂಳಿಗಿಂತ ಜಿರಳೆಯ ಕೊಳೆ ಹೆಚ್ಚು, ಸ್ಲಾಟಿನ ತಳವನ್ನು ಟಾರ್ಚ್ ಬಿಟ್ಟು ನೋಡು.

ಕಂಟ್ರೋಲರಿನ ವಿಷಯ ಚಿಕ್ಕದು. ಎಂಟು ಗುಂಡಿಗಳ ಸುದ್ದಿ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಸರತಿಯಲ್ಲಿ ಹೋಗುತ್ತದೆ. ಆದ್ದರಿಂದ ಒಂದು ಗುಂಡಿ ಮಾತ್ರ ಸತ್ತಿದ್ದರೆ ಕೇಬಲ್ಲನ್ನು ದೂರಬೇಡ, ಆ ಗುಂಡಿಯ ಅಡಿಯ ಕರಿ ರಬ್ಬರನ್ನು ಒರೆಸು. ಎಂಟೂ ಸತ್ತಿದ್ದರೆ ಕೇಬಲ್ಲು ಪೆಟ್ಟಿಗೆಗೆ ಸೇರುವ ಬುಡದಲ್ಲಿ ತಂತಿ ಮುರಿದಿರುತ್ತದೆ. ಜಗ್ಗಿ ಜಗ್ಗಿ ಆಡಿದ ಮಕ್ಕಳ ಕೆಲಸ ಅದು. ಮೀಟರಿನ ಬೀಪ್ ಇಟ್ಟು ಐದೂ ತಂತಿ ನೋಡಿಬಿಡು.

ಇಷ್ಟಾದರೂ ಬೂದು ಹೋಗದಿದ್ದರೆ ಆಗ ಸ್ಕ್ರೂಡ್ರೈವರ್ ತೆಗೆದುಕೋ. ಅಡಾಪ್ಟರ್ ಕಿತ್ತಿಟ್ಟು ಬಿಚ್ಚು, ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆ. ನನ್ನ ಹತ್ತಿರ ಒಂದು ಕಣ್ಣುಗಾಜು ಇದೆ, ಎಚ್‌ಎಂಟಿ ಗೆಳೆಯ ಕೊಟ್ಟದ್ದು. 1978ರಲ್ಲಿ ನಮ್ಮೂರಿಗೆ ಆ ವಾಚ್ ಫ್ಯಾಕ್ಟರಿ ಬಂದಾಗ ತುಮಕೂರಿನ ಎಷ್ಟೋ ಹುಡುಗ ಹುಡುಗಿಯರು ಬರಿಗಣ್ಣಿಗೆ ಕಾಣದ್ದನ್ನು ನೋಡುವ ವಿದ್ಯೆ ಕಲಿತರು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಕಂಪನಿ ಹೋದರೂ ಕಣ್ಣುಗಾಜುಗಳು ಮನೆಮನೆಯಲ್ಲಿ ಉಳಿದಿವೆ. ಅಂಥದೊಂದನ್ನು ಹಿಡಿದು ಅಡಾಪ್ಟರ್ ಜಾಕ್, ಸ್ವಿಚ್ಚು, ಸ್ಲಾಟಿನ ಕಾಲುಗಳ ಸುತ್ತ ನೋಡು. ಬೆಸುಗೆಯ ಸುತ್ತ ಕೂದಲೆಳೆಯಷ್ಟು ಕರಿ ಉಂಗುರ ಕಂಡರೆ ಅದು ಡ್ರೈ ಸೋಲ್ಡರ್. ಸ್ವಲ್ಪ ಫ್ಲಕ್ಸ್ ಹಚ್ಚಿ 25 ವ್ಯಾಟಿನ ಐರನ್ನಿನಿಂದ ಮತ್ತೆ ಕಾಯಿಸು. ಇಂಟರ್‌ನೆಟ್ ವಿಡಿಯೋ ನೋಡಿ ಎಲ್ಲ ಕೆಪಾಸಿಟರ್‌ಗಳನ್ನೂ ಕಿತ್ತು ಹೊಸದು ಹಾಕುವ ಚಟ ಈಗ ಹೆಚ್ಚಾಗಿದೆ, ನನಗೆ ಒಪ್ಪಿಗೆಯಿಲ್ಲ. ಉಬ್ಬಿದ್ದು, ಸೋರಿದ್ದು ಇದ್ದರೆ ಬದಲಿಸು. ಕರೆಂಟು ಸರಿಯಿದ್ದೂ ಪರದೆಯಲ್ಲಿ ಪಟ್ಟಿ ಓಡುತ್ತಿದ್ದರೆ ರೆಗ್ಯುಲೇಟರ್ ಪಕ್ಕದ ದೊಡ್ಡದನ್ನು ಬದಲಿಸು. ಮಿಕ್ಕವನ್ನು ಬಿಡು. ಹಳೆಯ ಬೋರ್ಡಿನ ತಾಮ್ರದ ಗೆರೆ ಬಿಸಿಗೆ ಸಿಪ್ಪೆಯಂತೆ ಏಳುತ್ತದೆ, ಇಲ್ಲದ ದೋಷವನ್ನು ನೀನೇ ಮಾಡಿಡುತ್ತೀಯ.

ಗೇಮಿನ ಜೊತೆ ಒಂದು ಗನ್ನೂ ಸಿಕ್ಕಿದೆ ಎಂದೆ. ಗೇಮು ಓಡತೊಡಗಿದ ಮೇಲೂ ಅದಕ್ಕೆ ಪರದೆಯ ಬಾತುಕೋಳಿ ಬೀಳದಿದ್ದರೆ ಗನ್ನು ಕೆಟ್ಟಿದೆ ಎಂದುಕೊಳ್ಳಬೇಡ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯ ಬೆಳಕು ಮಿನುಗುವ ಲಯವನ್ನು ನೋಡಿ ಅದು ಕೆಲಸ ಮಾಡುತ್ತದೆ, ಹಾಲ್‌ನಲ್ಲಿರುವ ಎಲ್‌ಇಡಿ ಟಿವಿಯಲ್ಲಿ ಆ ಲಯವೇ ಇಲ್ಲ. ಅಜ್ಜಿಯ ಕೋಣೆಯ ಟಿವಿ ಇನ್ನೂ ಗುಜರಿಗೆ ಹೋಗಿಲ್ಲವಾದರೆ ಅದಕ್ಕೆ ಸಿಕ್ಕಿಸು. ಚಿತ್ರ ಬಾರದೆ ಬರೀ ಚುಕ್ಕಿ ಮಳೆ ಬಂದರೆ ವಿಎಚ್‌ಎಫ್ ಬ್ಯಾಂಡಿನಲ್ಲಿ ನಿಧಾನ ಟ್ಯೂನ್ ಮಾಡು. ಆದರೆ ಆ ಟಿವಿಯ ಹಿಂದಿನ ಮುಚ್ಚಳ ನಾನಿಲ್ಲದೆ ತೆಗೆಯಕೂಡದು. ಟ್ಯೂಬಿಗೆ ಹೋಗುವುದು ಇಪ್ಪತ್ತು ಸಾವಿರ ವೋಲ್ಟಿನ ಮಾತು, ಪ್ಲಗ್ ಕಿತ್ತ ಮೇಲೂ ಹಿಡಿದಿಟ್ಟುಕೊಂಡಿರುತ್ತದೆ.

ಭಾನುವಾರ ನಾನು ಗುಬ್ಬಿಗೆ ಬರುವಷ್ಟರಲ್ಲಿ ಎರಡು ಅಳತೆ ತೆಗೆದಿಡು: ಗೇಮು ಆನ್ ಇದ್ದಾಗ ಅಡಾಪ್ಟರ್ ಎಷ್ಟು ಕೊಡುತ್ತದೆ, ಪಂಪು ಹೊಡೆಯುವಾಗ ಅದೇ ಎಷ್ಟಕ್ಕೆ ಇಳಿಯುತ್ತದೆ. ಐಪಿಎ ನಾನೇ ತರುತ್ತೇನೆ.